ಬಾಡಿಗೆ ಪುಸ್ತಕದ ಒಂದು ಪುಟ

ಬಳೇಪೇಟೆಯ ಮಹಡಿಯಲ್ಲಿ, ತಬಲಾ ಕಟ್ಟುವವರ ಪಕ್ಕ
ನಮ್ಮ ಅಂಗಡಿ.
ಅರಸರ ಕಿರೀಟ, ರಾಕ್ಷಸರ ಮೀಸೆ,
ರಾಣಿಯ ಜರಿಸೀರೆ ಮೂರು ಸೈಜು,
ಎಲ್ಲ ದಿನದ ಬಾಡಿಗೆಗೆ.
ಅಪ್ಪ ಹೊಲಿದದ್ದು, ನಾನು ತೇಪೆ ಹಾಕಿದ್ದು.

ಮೊದಲು ಬಂದವಳು ಇಷ್ಬೆಲ್,
ಸ್ಕಾಟ್ಲೆಂಡಿನವಳು, ಹೆಸರಘಟ್ಟದ ಕಡೆ ಕುದುರೆ ಡಾಕ್ಟರು.
ಚೌಕಳಿ ಬಟ್ಟೆಯ ಗಂಟು ಮೇಜಿನ ಮೇಲೆ ಸುರಿದು
ಎಂಟು ಗಂಡಸರಿಗೆ ಅಂದಳು.
ಲುಂಗಿಯಾ ಅಂದೆ. ಅಲ್ಲವಂತೆ.
ಮುಂದೆ ಸಪಾಟು, ಹಿಂದೆ ಮಡಿಕೆ,
ಮಡಿಕೆ ಮಡಿಕೆಗೂ ಚೌಕಳಿಯ ಗೆರೆ ಕೂಡಬೇಕು.
ಓ, ನಿರಿಗೆ!
ನಮಗೆ ಹೊಕ್ಕುಳ ಕೆಳಗೆ, ನಿಮಗೆ ಬೆನ್ನ ಕೆಳಗೆ.
ನಿರ್ರಿಗೆ, ಅಂದಳು.
ಅವಳ ಬಾಯಲ್ಲಿ ನಮ್ಮ 'ರ' ಗುಡುಗಿಕೊಂಡು ಹೊರಟಿತು.

ವಾರ ಬಿಟ್ಟು ಅವಳೇ ಕರೆತಂದಳು ತಈಸಿಯಾಳನ್ನು.
ಗಂಡ ವಿಮಾನ ಕಾರ್ಖಾನೆಗೆ ಬಂದ ರಷ್ಯದವನು,
ಇವಳು ಮಾರತ್‌ಹಳ್ಳಿಯಲ್ಲಿ ತಮ್ಮವರ ಹೆಂಗಸರನ್ನು ಕಲೆಹಾಕಿ
ಕುಣಿತ ಹೇಳಿಕೊಡುವವಳು.
ಬೇಕಾದದ್ದು ನೆಲ ಗುಡಿಸುವ ಕೆಂಪು ಲಂಗ.
ಪಾದ ಕಾಣಕೂಡದು.
ಹೆಬ್ಬೆರಳು ಕಂಡರೂ ಆಟ ಮುಗಿಯಿತು ಅಂದಳು,
ಕಣ್ಕಟ್ಟಿನವರು ಹೇಳುವ ಹಾಗೆ.

ಅಳತೆಗೆಂದು ಫ್ರೇಜರ್ ಟೌನಿನ ಚರ್ಚ್ ಹಾಲಿಗೆ ಹೋದೆ.
ಇವರು ನೆಲ ಕಾದಿದೆಯೆಂಬಂತೆ ಎಗರುವವರು,
ಅವರು ನೆಲವೇ ಹರಿಯುತ್ತಿದೆಯೆಂಬಂತೆ ತೇಲುವವರು.
ಚೀಲದ ವಾದ್ಯಕ್ಕೆ ಸಿಕ್ಕಿದ್ದು
ಸ್ಯಾಪರ್ಸಿನ ನಿವೃತ್ತ ಹವಾಲ್ದಾರ್ ಆರೋಗ್ಯಸ್ವಾಮಿ,
ಕಂಕುಳಲ್ಲಿ ಹಿಸುಕಿದರೆ ಮೊದಲು ಶ್ರುತಿ, ಆಮೇಲೆ ಜಗಳ.
ತಈಸಿಯಾಳ ಅಕಾರ್ಡಿಯನ್ನಿಗೆ ತಿದಿ ಬದಲಿಸಿದ್ದು
ನಮ್ಮ ಬೀದಿಯ ಹಾರ್ಮೋನಿಯಂ ನಂಜುಂಡಾಚಾರ್.
ಎಲ್ಲ ಒಂದೇ ಗಾಳಿಯ ಸಂಸಾರ ಕಣಮ್ಮ, ಅಂದರು.
ದುಡ್ಡು ಮಾತ್ರ ಪೂರ್ತಿ ತಗೊಂಡರು.

ಅದಲು ಬದಲಾಗೋಣ ಅಂದದ್ದು ಯಾರೋ, ತಿಳಿಯದು.
ಕೆಂಪು ಲಂಗ ಇಷ್ಬೆಲ್ಲಿಗೆ,
ಕತ್ತಿಯ ಕುಣಿತ ತಈಸಿಯಾಗೆ.
ನೆಲದಲ್ಲಿ ಎರಡು ಕತ್ತಿ ಅಡ್ಡಡ್ಡ ಇಟ್ಟು
ನಾಲ್ಕು ಮೂಲೆಗೂ ಕಾಲಿಟ್ಟು ನೆಗೆಯಬೇಕು.
ತಗುಲಿತೋ, ಸೋತೆ.
ಕತ್ತಿ ಕೊಟ್ಟಿದ್ದು ನಾನೇ.
ಹಲಸಿನ ಮರದ್ದು, ಬೆಳ್ಳಿ ಬಣ್ಣ,
ಎಷ್ಟು ರಾಜರು ಹಿಡಿದು ಅರಚಿದ್ದಾರೋ!

ಇಷ್ಬೆಲ್ ತೇಲುವುದಿಲ್ಲ. ಮೂರು ಹೆಜ್ಜೆಗೆ ಒಮ್ಮೆ
ಲಂಗದೊಳಗೆ ಮೊಲವೊಂದು ಜಿಗಿಯುತ್ತದೆ.
ತಿಗಳರಪೇಟೆಯಲ್ಲಿ ಬೆಳೆದವಳು ನಾನು, ತಡೆಯಲಾಗಲಿಲ್ಲ.
ಕರಗ ನೋಡಿದ್ದೀಯಾ ತಾಯಿ?
ಇಡೀ ಪೇಟೆ ಸುತ್ತುತ್ತಾನೆ, ಬೆಳಗಿನ ಜಾವದವರೆಗೆ,
ತಲೆಯ ಮೇಲಿನದನ್ನು ಕೈ ಮುಟ್ಟುವುದಿಲ್ಲ.
ಹಾಗೆ ನಡಿ. ಏನೋ ಹೊತ್ತಿದ್ದೀಯ ಅಂದುಕೊ.
ನಡೆದಳು.
ಒಂದು ಸುತ್ತು ಮೊಲ ಮಲಗಿತ್ತು.

ತಈಸಿಯಾಗೆ ನಡುನಡುವೆ ಊರಿನ ಫೋನು.
ಆಕಾಶಮಲ್ಲಿಗೆ ಮರದಡಿ ನಿಂತು ಕೇಳುತ್ತಾಳೆ,
ಹೆಚ್ಚು ಮಾತಾಡುವುದಿಲ್ಲ.
ತಮ್ಮನೊಬ್ಬನಿದ್ದಾನಂತೆ, ಇಪ್ಪತ್ತಾರು ವರ್ಷ.
ಮುಖ ತೊಳೆದು ಬಂದಾಗ ಯಾರೂ ಏನೂ ಕೇಳಲಿಲ್ಲ.
ಇಷ್ಬೆಲ್ ಬಗ್ಗಿ
ನೇರವಾಗಿಯೇ ಇದ್ದ ಕತ್ತಿಗಳನ್ನು
ಇನ್ನೊಮ್ಮೆ ನೇರ ಮಾಡಿದಳು.
ಆರೋಗ್ಯಸ್ವಾಮಿ ಚೀಲಕ್ಕೆ ಉಸಿರು ತುಂಬಿದರು.
ಅವಳು ಏರಿದಳು, ಇಳಿದಳು, ಏರಿದಳು,
ಬೆವರು ಕತ್ತಿಯ ಮೇಲೆ ಬಿತ್ತು. ಕಾಲು ಬೀಳಲಿಲ್ಲ.

ಪ್ರದರ್ಶನಕ್ಕೆ ನಾನು ಹೋಗಲಿಲ್ಲ, ಮದುವೆ ಸೀಜನ್ನು.
ಚೆನ್ನಾಗಾಯಿತಂತೆ. ಕರೆಂಟು ಹೋಯಿತಂತೆ,
ಗಾಳಿಯ ವಾದ್ಯಕ್ಕೇನು, ನಿಲ್ಲಲಿಲ್ಲವಂತೆ.

ಸೋಮವಾರ ಗಂಟು ವಾಪಸು ಬಂತು.
ಬರೆದುಕೊಂಡೆ:
ಕೆಂಪು ಲಂಗ ಹದಿನಾಲ್ಕು, ಒಂದರ ಅಂಚು ಹರಿದಿದೆ
(ಮೊಲ!)
ಬಿಳಿ ಅಂಗಿ ಎಂಟು, ಗುಂಡಿ ಎರಡು ಇಲ್ಲ.
ಕತ್ತಿ ಎರಡು, ಹಾನಿ ಇಲ್ಲ.
ಅಪ್ಪನ ಕಾಲದಿಂದ ಈ ಪುಸ್ತಕದಲ್ಲಿ
ಕತ್ತಿಯ ಮುಂದೆ ಹಾಗೆ ಬರೆದದ್ದಿಲ್ಲ,
ಹಿಡಿ ಮುರಿದೋ, ಮೊನೆ ಸೀಳಿಯೋ ಬರುತ್ತವೆ.

ಸಂಜೆ ತುರುವೇಕೆರೆಯ ನಾಟಕದವರ ಫೋನು.
ಯುದ್ಧದ ಸೀನಿದೆ, ಎಂಟು ಕತ್ತಿ ಬೇಕಕ್ಕಾ.
ಗೋಡೆಯ ಮೊಳೆಗಳನ್ನು ಎಣಿಸಿದೆ.
ಆರೇ ಇರೋದು, ಅಂದೆ.